ಟೈಮಿಂಗ್ ಕಿಟ್ ಅಂತ ಬಿಲ್ ಮಾಡಿ ಬರೀ ಚೈನ್ ಹಾಕ್ತಾರೆ, ಹುಷಾರು!

1.3 ಡೀಸೆಲ್ ಸ್ವಿಫ್ಟ್, ಡಿಸೈರ್, ರಿಟ್ಜ್, ಪುಂಟೊ ಇಟ್ಟುಕೊಂಡಿರೋರು ದಯವಿಟ್ಟು ಪೂರ್ತಿ ಓದಿ. ಎಲ್ಲದರಲ್ಲೂ ಇರೋದು ಫಿಯೆಟ್‌ನ ಅದೇ 1248 ಸಿಸಿ ಮಲ್ಟಿಜೆಟ್ ಎಂಜಿನ್, ಅದೇ ಟೈಮಿಂಗ್ ಚೈನ್, ಅಂದರೆ ಪಿಸ್ಟನ್ ಓಟಕ್ಕೆ ಸರಿಯಾಗಿ ವಾಲ್ವ್ ತೆರೆದು ಮುಚ್ಚೋ ಹಾಗೆ ಮಾಡೋ ಎಂಜಿನ್ ಒಳಗಿನ ಸರಪಳಿ.

ನನ್ನ ಗಾಡೀಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎರಡು ಮೂರು ಸೆಕೆಂಡ್ ಕರಕರ ಸದ್ದು. ಗ್ಯಾರೇಜಿನವರು "ಕಿಟ್ ಪೂರ್ತಿ ಹಾಕಬೇಕು" ಅಂದರು, ಬಿಲ್‌ನಲ್ಲೂ 'ಟೈಮಿಂಗ್ ಕಿಟ್ 1 ಸೆಟ್' ಅಂತಲೇ ಬರೆದರು. ಕಿಟ್ ಅಂದರೆ ಚೈನ್, ಅದನ್ನು ಬಿಗಿಯಾಗಿಡೋ ಹೈಡ್ರಾಲಿಕ್ ಟೆನ್ಷನರ್, ಅದು ಜಾರಿಕೊಂಡು ಹೋಗೋ ಪ್ಲಾಸ್ಟಿಕ್ ಗೈಡ್‌ಗಳು, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ಶಾಫ್ಟ್) ಮತ್ತು ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್) ಮೇಲಿನ ಸ್ಪ್ರಾಕೆಟ್, ಅಂದರೆ ಹಲ್ಲಿನ ಚಕ್ರಗಳು. ಈ ಕೆಲಸ ಮಾಡೋ ಯಾರಿಗೆ ಗೊತ್ತಿಲ್ಲ ಇದು?

ಗಾಡಿ ಮನೆಗೆ ಬಂತು, ಸದ್ದು ಹಾಗೇ ಇದೆ. ಫೋನ್ ಮಾಡಿದರೆ "ಹೊಸ ಚೈನ್ ಅಲ್ವಾ ಸಾರ್, ಸೆಟ್ ಆಗಬೇಕು". ಸುಳ್ಳು, ಹಸಿ ಸುಳ್ಳು. ಟೆನ್ಷನರ್ ನಡೆಯೋದೇ ಆಯಿಲ್ ಪ್ರೆಶರ್ ಮೇಲೆ. ಸವೆದ ಟೆನ್ಷನರ್‌ನಿಂದ ರಾತ್ರಿಯೆಲ್ಲ ಆಯಿಲ್ ಇಳಿದುಹೋಗುತ್ತೆ, ಬೆಳಿಗ್ಗೆ ಪ್ರೆಶರ್ ಏರೋವರೆಗೆ ಸಡಿಲ ಚೈನ್ ಗೈಡ್‌ಗೆ ಬಡಿಯುತ್ತೆ. ಹೊಸ ಚೈನ್ ಓಡಿಸ್ತಾ ಓಡಿಸ್ತಾ ಇದು ಸರಿಹೋಗಲ್ಲ.

ಬೇರೆ ಗ್ಯಾರೇಜಲ್ಲಿ ಚೈನ್ ಮೇಲಿನ ಕವರ್ ಬಿಚ್ಚಿಸಿದೆ. ಹೊಸದು ಅಂತ ಇದ್ದದ್ದು ಚೈನ್ ಒಂದೇ! ಗೈಡ್‌ನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ, ಹಳೇ ಚೈನ್ ಕೊರೆದ ಎರಡು ಗೆರೆ ಉಗುರು ಸಿಕ್ಕಿಕೊಳ್ಳುವಷ್ಟು ಆಳ, ತುದಿ ಮುರಿದಿದೆ. ಮುರಿದ ಚೂರು ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಳಗೆ ಆಯಿಲ್ ಸೋಸೋ ಸ್ಟ್ರೈನರ್ ಜಾಲರಿಗೆ ಅಂಟಿಕೊಂಡಿದೆ, ಜೊತೆಗೆ ಸೋರದ ಹಾಗೆ ಕವರ್‌ಗೆ ಕಂಡಾಪಟ್ಟೆ ಮೆತ್ತಿದ ಸಿಲಿಕಾನ್ ಅಂಟಿನ ತುಣುಕು ಬೇರೆ. ಸ್ಪ್ರಾಕೆಟ್ ಹಲ್ಲು ಒಂದೇ ಕಡೆ ಸವೆದು ಕೊಕ್ಕೆಯಾಗಿದೆ. ಅದರ ಮೇಲೆ ಹಾಕಿದ ಹೊಸ ಚೈನ್ ಎಷ್ಟು ದಿನ ಬಾಳುತ್ತೆ?

ಮೊದಲ ಗ್ಯಾರೇಜಿನವರಿಗೆ ಫೋಟೊ ಕಳಿಸಿದೆ. "ಗೈಡ್ ಚೆನ್ನಾಗಿತ್ತು, ಅದಕ್ಕೇ ಬದಲಾಯಿಸಿಲ್ಲ" ಅಂದರು. ಹಾಗಾದರೆ ಅದರ ದುಡ್ಡು? "ಲೇಬರ್‌ಗೆ ಸೇರಿದೆ." ಹಳೇ ಪಾರ್ಟ್ಸ್ ತೋರಿಸಿ ಅಂದರೆ "ಗುಜರಿಗೆ ಹೋಯ್ತು". ಬಿಚ್ಚದೇ ಇರೋ ಗೈಡ್ ಗುಜರಿಗೆ ಹೇಗೆ ಹೋಗುತ್ತೆ ಅಂತ ಕೇಳಿದ ಮೇಲೆ ಫೋನೇ ಎತ್ತುತ್ತಿಲ್ಲ. ಗಿರಾಕಿಗೆ ಒಳಗಿನದು ಕಾಣಲ್ಲ ಅನ್ನೋ ಒಂದೇ ಧೈರ್ಯ ಇವರದು.

ಇದು ಬರೀ ದುಡ್ಡಿನ ವಿಷಯ ಅಲ್ಲ. ಈ ಎಂಜಿನ್‌ನಲ್ಲಿ ಚೈನ್ ಹಲ್ಲು ಜಿಗಿದರೆ ವಾಲ್ವ್ ಪಿಸ್ಟನ್‌ಗೆ ಹೊಡೆದು ವಾಲ್ವ್ ಒತ್ತೋ ರಾಕರ್‌ಗಳು ಮುರಿಯುತ್ತವೆ. ಹೈವೇಯಲ್ಲಿ ಹಾಗಾದರೆ?

ಪಾರ್ಟ್ ನಂಬರ್ ಒಂದೊಂದಾಗಿ ಬಿಲ್‌ನಲ್ಲಿ ಬರೆಸಿ, 'ಕಿಟ್' ಅನ್ನೋ ಒಂದು ಸಾಲನ್ನು ಒಪ್ಪಲೇಬೇಡಿ. ಹಳೇ ಪಾರ್ಟ್ಸ್ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಕವರ್ ಮುಚ್ಚುವ ಮುಂಚೆ ಎದುರಿಗಿರಿ, ಆಗದಿದ್ದರೆ ಫೋಟೊ ತರಿಸಿಕೊಳ್ಳಿ. ಕ್ರ್ಯಾಂಕ್, ಕ್ಯಾಮ್ ಅಲುಗದ ಹಾಗೆ ಹಿಡಿದಿಡೋ ಲಾಕಿಂಗ್ ಪಿನ್ ಇಲ್ಲದೆ ಪೇಂಟ್ ಗುರುತು ಹಾಕಿ ಮಾಡ್ತೀವಿ ಅಂದರೆ ಗಾಡಿ ವಾಪಸ್ ತನ್ನಿ, ಎಳೆದುಹೋದ ಚೈನ್ ಮೇಲೆ ಹಾಕಿದ ಗುರುತಿನಲ್ಲಿ ತಪ್ಪು ಟೈಮಿಂಗೇ ಕೂರುತ್ತೆ. ಜೋಡಿಸಿದ ಮೇಲೆ ಪಿನ್ ತೆಗೆದು ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿಸಿ, ಪಿನ್‌ಗಳು ಮತ್ತೆ ಸಲೀಸಾಗಿ ಕೂರಬೇಕು. ಆಮೇಲೆ ಸಂಪ್ ತೊಳೆಸಿ, ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿಸಿ.