ಹಣ ಕೊಟ್ಟದ್ದು, ಪುಕ್ಕಟೆ ಬಂದದ್ದು, ಮೊದಲೇ ಒಳಗಿದ್ದದ್ದು

ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ಗೆ. ಅದರ ಪಕ್ಕಕ್ಕೆ ಎರಡು ಮೂರು ಸಣ್ಣ ಉಚಿತ ತಂತ್ರಾಂಶಗಳು ಸಾಕು. ಇಷ್ಟು ತಿಳಿಯೋಕೆ ನನಗೆ ಐದು ವರ್ಷ ಬೇಕಾಯಿತು, ನಾಲ್ಕೂವರೆ ಸಾವಿರ ರೂಪಾಯಿಯೂ ಹೋಯಿತು.

ನಾನು ಗಂಗಾವತಿಯಲ್ಲಿ ಹೈಸ್ಕೂಲ್ ಮಾಸ್ತರ. ಮನೆಯ ಕಂಪ್ಯೂಟರ್ 2017ರದು. ಐ3, ನಾಲ್ಕು ಜಿಬಿ ರ್ಯಾಮ್, ವಿಂಡೋಸ್ 10. ನಾನು ಅದರಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತೇನೆ. ಮಗ ಕಂಡಕಂಡದ್ದನ್ನೆಲ್ಲ ಡೌನ್‌ಲೋಡ್ ಮಾಡುತ್ತಾನೆ. ಪ್ರಿಂಟರ್ ಇಲ್ಲ, ಹಾಗಾಗಿ ಪೆನ್‌ಡ್ರೈವ್ ವಾರಕ್ಕೆರಡು ಸಲ ಝೆರಾಕ್ಸ್ ಅಂಗಡಿಗೆ ಹೋಗಿಬರುತ್ತದೆ. ವೈರಸ್ ಬರೋದು ಎಲ್ಲಿಂದ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಕಂಪ್ಯೂಟರ್ ತಂದ ದಿನವೇ ಅಂಗಡಿಯ ಹುಡುಗ ಒಂದು ಆಂಟಿವೈರಸ್ ಡಬ್ಬಿ ಕೈಗಿಟ್ಟ. "ಸರ್, ಫ್ರೀ ಇದ್ದದ್ದು ಯಾವುದೂ ಕೆಲಸಕ್ಕ ಬರಂಗಿಲ್ರಿ, ಇದನ್ನ ಹಾಕಸ್ರಿ" ಎಂದ. ವರ್ಷಕ್ಕೆ 900 ರೂಪಾಯಿ. ಐದು ವರ್ಷ ಕಟ್ಟಿದೆ. ವೈರಸ್ ಹಿಡಿಯುವುದರಲ್ಲಿ ಅದರ ತಪ್ಪು ಹೇಳಲಾರೆ. ಆದರೆ ಬಟನ್ ಒತ್ತಿ, ಚಹಾ ಕುಡಿದು ಬಂದರೂ ಕಂಪ್ಯೂಟರ್ ಇನ್ನೂ ಎದ್ದಿರುತ್ತಿರಲಿಲ್ಲ. 2022ರಲ್ಲಿ ಹಣ ಕಟ್ಟೋದು ನಿಲ್ಲಿಸಿದೆ. ಅದರ ಬದಲಿಗೆ, ಎಲ್ಲರೂ ಹಾಕಿಕೊಳ್ಳುವ ಒಂದು ಪುಕ್ಕಟೆ ಆಂಟಿವೈರಸ್ ಹಾಕಿದೆ. ಹೆಸರು ಬೇಡ ಬಿಡಿ, ಈಗ ಅದು ಸುಧಾರಿಸಿರಲೂಬಹುದು.

ನನ್ನ ನಿಜವಾದ ತಕರಾರು ಈ ಪುಕ್ಕಟೆಯದರ ಮೇಲೆ. ಜಾಹೀರಾತಿನ ಕಾಟ ಹೇಗೋ ಸಹಿಸಿಕೊಂಡಿದ್ದೆ. ಮಧ್ಯವಾರ್ಷಿಕ ಪರೀಕ್ಷೆಯ ಹಿಂದಿನ ರಾತ್ರಿ ಅದು ನಾನು ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶವನ್ನೇ ಎತ್ತಿಕೊಂಡು ಹೋಯಿತು.

ನುಡಿಯಲ್ಲಿ ಕೆಲಸ ಮಾಡಿದವರಿಗೆ ಇದು ಎಂಥ ಫಜೀತಿ ಅಂತ ಗೊತ್ತಾಗುತ್ತದೆ. ಒಂಬತ್ತು ಗಂಟೆಗೆ ಕೂತೆ, ಹೋದ ವರ್ಷದ ಪತ್ರಿಕೆ ತೆರೆದೆ. ಓದೋಕೆ ಎಲ್ಲ ಸರಿಯಿದೆ, ಫಾಂಟ್ ಅಲ್ಲೇ ಇದೆ. ಸ್ಕ್ರಾಲ್ ಲಾಕ್ ಒತ್ತಿ "ಕದಂಬರು" ಅಂತ ಹೊಡೆದರೆ ಎಂತೆಂಥವೋ ತುಂಡು ಅಕ್ಷರಗಳು ಬಿದ್ದವು. ಹಳೆಯ ನುಡಿ ಫಾಂಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅವನ್ನು ಸರಿಯಾಗಿ ಜೋಡಿಸುವುದು ಹಿಂದೆ ಓಡುತ್ತಿರುವ ನುಡಿ ತಂತ್ರಾಂಶ. ಅದೇ ಇಲ್ಲ! ಹುಡುಕಿದರೆ ಆಂಟಿವೈರಸ್ಸಿನ ಕ್ವಾರಂಟೈನ್‌ನಲ್ಲಿ ಕೂತಿತ್ತು.

ಇದಕ್ಕೆ ಕಾರಣ ಊಹಿಸಬಹುದು. ನಾವು ಒತ್ತುವ ಪ್ರತಿ ಕೀಲಿಯನ್ನೂ ನುಡಿ ನಡುವೆಯೇ ಹಿಡಿದು ಕನ್ನಡ ಮಾಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹೀಗೇ ಹಿಡಿಯುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅನುಮಾನ ಪಟ್ಟದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ "ಇದು ನಮ್ಮದೇ, ಬಿಡು" ಅಂತ ಹೇಳಿದ ಮೇಲೆ ಬಿಡಬೇಕಲ್ಲ? ರಿಸ್ಟೋರ್ ಒತ್ತಿದೆ, ಹತ್ತು ನಿಮಿಷಕ್ಕೆ ಮತ್ತೆ ಒಳಗೆ ಹಾಕಿತು. ವಿನಾಯಿತಿ ಪಟ್ಟಿಗೆ ಸೇರಿಸಿದೆ. ಅವತ್ತು ನಡೆಯಿತು. ಮುಂದಿನ ವಾರ ಅಪ್‌ಡೇಟ್ ಬಂತು, ಪಟ್ಟಿ ಖಾಲಿ, ನುಡಿ ಮತ್ತೆ ಒಳಗೆ.

ತೆಗೆದೇ ಬಿಡೋಣ ಅಂದರೆ ಅಲ್ಲೂ ತೊಡಕು. ಬೇರೆ ಆಂಟಿವೈರಸ್ ಬಂದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದು ಹೋದ ಮೇಲೆ ತಾನೇ ಮತ್ತೆ ಶುರುವಾಗಬೇಕು. ನಾನು ಅನ್‌ಇನ್‌ಸ್ಟಾಲ್ ಮಾಡಿದ ಮೇಲೂ ಅದರ ಚೂರುಗಳು ಒಳಗೇ ಉಳಿದಿದ್ದವು. ಹಾಗಾಗಿ ವಿಂಡೋಸ್ ಸೆಕ್ಯುರಿಟಿಯಲ್ಲಿ "ಬೇರೆ ಆಂಟಿವೈರಸ್ ಇದೆ" ಅಂತಲೇ ತೋರಿಸುತ್ತಿತ್ತು. ಎರಡು ದಿನ ಕಾವಲೇ ಇಲ್ಲದೆ ಓಡಿಸಿದ್ದೇನೆ. ಆಮೇಲೆ ಆ ಕಂಪನಿಯದೇ ರಿಮೂವಲ್ ಟೂಲ್ ಇಳಿಸಿ, ಸೇಫ್ ಮೋಡ್‌ನಲ್ಲಿ ಓಡಿಸಿದಾಗ ಪೂರ್ತಿ ತೊಲಗಿತು. ಯಾವ ಆಂಟಿವೈರಸ್ ತೆಗೆದರೂ ಮೊದಲೇ ಈ ಟೂಲ್ ಹುಡುಕಿ ಇಟ್ಟುಕೊಳ್ಳಿ.

ಡಿಫೆಂಡರ್ ಕೂಡ ಮೊದಲ ವಾರ ನುಡಿಯನ್ನು ತಡೆಯಿತು. ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಒಮ್ಮೆ "ಅಲೋ" ಕೊಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಮತ್ತೆ ಕೇಳಿಲ್ಲ. ನನ್ನ ಮಟ್ಟಿಗೆ ಸ್ಪರ್ಧೆ ಅಲ್ಲಿಗೇ ಮುಗಿಯಿತು.

ಹಾಗಂತ ಅದರಲ್ಲಿ ಕುಂದಿಲ್ಲ ಅಂತಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್ಯಾನ್‌ಸಮ್‌ವೇರ್ ತಡೆಯುವ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅದರಲ್ಲಿದೆ, ಆದರೆ ಮೊದಲಿಗೆ ಆಫ್ ಆಗಿರುತ್ತದೆ. ನಾವೇ ಹುಡುಕಿ ಆನ್ ಮಾಡಬೇಕು. ಆನ್ ಮಾಡಿದರೆ ಡಾಕ್ಯುಮೆಂಟ್ಸ್‌ನಲ್ಲಿ ನುಡಿಯ ಫೈಲ್ ಸೇವ್ ಆಗಲ್ಲ. ಅದಕ್ಕೂ ಒಂದು ಅನುಮತಿ ಕೊಡಬೇಕು. ಫುಲ್ ಸ್ಕ್ಯಾನ್ ಹಚ್ಚಿದರೆ ಹಳೆಯ ಹಾರ್ಡ್‌ಡಿಸ್ಕ್ ಗೊರಗೊರ ಅನ್ನುತ್ತಿತ್ತು, ಮೌಸ್ ಕೂಡ ತಡವರಿಸುತ್ತಿತ್ತು.

ಇನ್ನು ಪೆನ್‌ಡ್ರೈವ್. ನಮ್ಮ ಕಡೆ ಮನೆಮಾತಾಗಿರುವ ಶಾರ್ಟ್‌ಕಟ್ ವೈರಸ್ ಮೂರಕ್ಕೂ ಸಿಕ್ಕಿಬಿತ್ತು. ಆದರೆ ಅದು ಮರೆಮಾಡಿದ್ದ ಫೋಲ್ಡರುಗಳನ್ನು ಮೂರೂ ವಾಪಸ್ ತೋರಿಸಲಿಲ್ಲ. ಪೆನ್‌ಡ್ರೈವ್ ಖಾಲಿ ಕಂಡಿತು ಅಂತ ಗಾಬರಿಯಾಗಿ ಫಾರ್ಮ್ಯಾಟ್ ಮಾಡಬೇಡಿ. ಫೈಲುಗಳು ಅಲ್ಲೇ ಇರುತ್ತವೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಆಟ್ರಿಬ್ (attrib) ಅನ್ನುವ ಆಜ್ಞೆ ಬಳಸಿ ಹಿಡನ್ ಮತ್ತು ಸಿಸ್ಟಮ್ ಗುರುತು ತೆಗೆದರೆ ಎಲ್ಲ ಹೊರಗೆ ಬರುತ್ತವೆ.

ಸಣ್ಣ ತಂತ್ರಾಂಶಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮಾಲ್‌ವೇರ್‌ಬೈಟ್ಸ್ ತಿಂಗಳಿಗೊಮ್ಮೆ. ಹಾಕಿದ ಕೂಡಲೇ 14 ದಿನ ಪ್ರೀಮಿಯಂ ಅನ್ನುತ್ತದೆ, ಅದು ಮುಗಿದ ಮೇಲೆ ನಾವು ಹೇಳಿದಾಗ ಮಾತ್ರ ಸ್ಕ್ಯಾನ್ ಮಾಡುತ್ತದೆ. ನನಗೆ ಬೇಕಾದದ್ದೂ ಅಷ್ಟೇ. ಮಗ ತಂದ "ಫ್ರೀ ಪಿಡಿಎಫ್ ಕನ್ವರ್ಟರ್" ಬ್ರೌಸರಿನಲ್ಲಿ ಬಿಟ್ಟುಹೋದ ಕಸವನ್ನು ಡಿಫೆಂಡರ್ ಕಂಡೂ ಸುಮ್ನೆ ಇತ್ತು, ಇದು ಎತ್ತಿಹಾಕಿತು. ಫೈರ್‌ಫಾಕ್ಸ್‌ನಲ್ಲಿ ಜಾಹೀರಾತು ತಡೆಯುವ ಯೂಬ್ಲಾಕ್ ಒರಿಜಿನ್ ಹಾಕಿದ ಮೇಲೆ ಸುಳ್ಳು ಡೌನ್‌ಲೋಡ್ ಬಟನ್‌ಗಳೇ ಕಾಣಿಸುತ್ತಿಲ್ಲ. ಮಗನ ಮಟ್ಟಿಗೆ ಇದೇ ದೊಡ್ಡ ಆಂಟಿವೈರಸ್.

ಕಸ ಗುಡಿಸೋಕೆ ಮೊದಲು ಸಿಕ್ಲೀನರ್ ಇತ್ತು. 2017ರಲ್ಲಿ ಅದರ 5.33 ಆವೃತ್ತಿಯೊಳಗೇ ಹ್ಯಾಕರ್‌ಗಳು ಕಳ್ಳ ಕೋಡ್ ಸೇರಿಸಿದ್ದರು, 20 ಲಕ್ಷಕ್ಕೂ ಜಾಸ್ತಿ ಕಂಪ್ಯೂಟರ್‌ಗಳಿಗೆ ಅದು ಹೋಗಿತ್ತು ಅಂತ ತಡವಾಗಿ ಓದಿದೆ. ಈಗ ಬ್ಲೀಚ್‌ಬಿಟ್. ಸೋರ್ಸ್ ಕೋಡ್ ತೆರೆದಿಟ್ಟಿರುವ ತಂತ್ರಾಂಶ, ಚಂದವೇನೂ ಇಲ್ಲ. ಕಂಡದ್ದಕ್ಕೆಲ್ಲ ಟಿಕ್ ಹಾಕಬೇಡಿ, ಪಾಸ್‌ವರ್ಡ್‌ಗಳೂ ಹೋಗುತ್ತವೆ. "ಫ್ರೀ ಡಿಸ್ಕ್ ಸ್ಪೇಸ್" ಅನ್ನುವುದಕ್ಕೆ ಟಿಕ್ ಹಾಕಿದರಂತೂ ಗಂಟೆಗಟ್ಟಲೆ ಕಾಯಬೇಕು.

ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ಕ್ರಿಸ್ಟಲ್ ಡಿಸ್ಕ್ ಇನ್ಫೊ. ವೈರಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಡಿಸ್ಕಿನ ಆರೋಗ್ಯ ತೋರಿಸುತ್ತದೆ ಅಷ್ಟೇ. ಒಂದು ದಿನ ನೀಲಿ ಹೋಗಿ ಹಳದಿ ಬಂತು, "ಕಾಷನ್" ಅಂತ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಡಿಸ್ಕ್ ಹಣ್ಣಾಗಿತ್ತು ಅಂತ ಕಾಣುತ್ತೆ. ಆ ಭಾನುವಾರವೇ 1,700 ರೂಪಾಯಿ ಕೊಟ್ಟು 240 ಜಿಬಿ ಎಸ್‌ಎಸ್‌ಡಿ ತಂದು ಎಲ್ಲ ಸಾಗಿಸಿದೆ. ಡಿಫೆಂಡರಿನ ಫುಲ್ ಸ್ಕ್ಯಾನ್ ಗೊರಗೊರವೂ ಅಲ್ಲಿಗೆ ನಿಂತಿತು. ಎರಡು ವರ್ಷದ ಆಂಟಿವೈರಸ್ ಹಣದಲ್ಲಿ ಇಡೀ ಕಂಪ್ಯೂಟರ್ ಹೊಸದಾಯಿತು ಅನ್ನಿ.

ಹಾಂ, ಧೂಳು. ನಮ್ಮದು ರೈಸ್‌ಮಿಲ್ಲುಗಳ ಊರು. ಸೋನಾಮಸೂರಿ ಹೊಟ್ಟು ಫ್ಯಾನಿನ ಮೇಲೆ ಕೂತರೆ ಅದನ್ನು ಹಿಡಿಯುವ ಸ್ಕ್ಯಾನ್ ಇಲ್ಲ. ಎರಡು ತಿಂಗಳಿಗೊಮ್ಮೆ ಕ್ಯಾಬಿನೆಟ್ ಬಿಚ್ಚಿ ಪೇಂಟ್ ಬ್ರಷ್ ಆಡಿಸುತ್ತೇನೆ.

ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಯಾಕೆ ಬೇಡ ಅಂತ ನೀವು ಕೇಳಬಹುದು. ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದ್ದೇನೆ, ಚೆನ್ನಾಗಿದೆ. ಹಗುರ, ಶಾಂತ. ಟೈಮ್‌ಶಿಫ್ಟ್ ಇರುವುದರಿಂದ ಏನಾದರೂ ಕೆಟ್ಟರೆ ಸಿಸ್ಟಮ್ಮನ್ನು ನಿನ್ನೆಯ ಸ್ಥಿತಿಗೆ ಒಯ್ಯಬಹುದು. ನುಡಿಯ ಕೀಲಿಮಣೆ ವಿನ್ಯಾಸ ಅಲ್ಲೂ ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡುವವರಿಗೆ ಏನೂ ತೊಂದರೆಯಿಲ್ಲ. ನನ್ನ ತೊಂದರೆ ಹಳೆಯ ಪತ್ರಿಕೆಗಳದು. ಹನ್ನೆರಡು ವರ್ಷದವು, ಎಲ್ಲ ಹಳೆಯ ನುಡಿ ಫಾಂಟ್‌ನಲ್ಲಿ. ಪರಿವರ್ತಕಕ್ಕೆ ಹಾಕಿದರೆ ಬಹುಪಾಲು ಯೂನಿಕೋಡ್‌ಗೆ ಬರುತ್ತವೆ, ಆದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ. "ಧರ್ಮ", "ವರ್ಷ" ಒಂದೊಂದೂ ಕೈಯಾರೆ ತಿದ್ದಬೇಕು. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಇವೆರಡೇ ಎಷ್ಟು ಸಲ ಬರುತ್ತವೋ!

ಆದರೂ ಒಂದು ದಿನ ಅಲ್ಲಿಗೇ ಹೋಗಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನನ್ನ ಏಳನೇ ತಲೆಮಾರಿನ ಐ3ಯನ್ನು ವಿಂಡೋಸ್ 11 ಒಪ್ಪಲ್ಲ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿ ಒಂದು ವರ್ಷ ತಳ್ಳಿದ್ದೇನೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಸಿಂಕ್ ಮಾಡಿದ್ದಕ್ಕೆ ಹಣ ಕೇಳಲಿಲ್ಲ. ಡಿಫೆಂಡರಿಗೆ ವೈರಸ್ ಪಟ್ಟಿ 2028ರವರೆಗೂ ಬರುತ್ತದೆ, ಆದರೆ ವಿಂಡೋಸಿನದೇ ತೂತುಗಳನ್ನು ಅದು ಮುಚ್ಚಲ್ಲ. ಅದಕ್ಕೇ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪತ್ರಿಕೆ ಯೂನಿಕೋಡ್‌ಗೆ ತರುತ್ತಿದ್ದೇನೆ. ಎಂಟನೇ ತರಗತಿಯವು ಮುಗಿದವು. ಒಂಬತ್ತು, ಹತ್ತು ಬಾಕಿ ಇವೆ.