ಹಾರ್ಟಲ್‌ಪೂಲ್ ಮ್ಯೂಸಿಯಂ: ಮೊದಲು ತೇಗದ ಹಡಗು ಹತ್ತಿ

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಹಾರ್ಟಲ್‌ಪೂಲ್‌ನಲ್ಲಿರುವ ರಾಯಲ್ ನೇವಿ ರಾಷ್ಟ್ರೀಯ ಮ್ಯೂಸಿಯಂಗೆ ಟಿಕೆಟ್ ಕೊಳ್ಳಲು ಎಚ್‌ಎಂಎಸ್ ಟ್ರಿಂಕೋಮಲಿ ಒಂದೇ ಸಾಕು. 1817ರ ಅಕ್ಟೋಬರ್‌ನಲ್ಲಿ ಬಾಂಬೆಯ ವಾಡಿಯಾ ಮನೆತನದವರು ಕಟ್ಟಿ ನೀರಿಗಿಳಿಸಿದ ಮಲಬಾರ್ ತೇಗದ ಯುದ್ಧನೌಕೆ ಇದು. ಇಂದಿಗೂ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದಕ್ಕಿಂತ ಹಳೆಯದಿಲ್ಲ. ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ. ಹಾಗಾಗಿಯೇ ಹಡಗಿನ ಒಡಲಿನ ಬಹುಪಾಲು ಮರ ಇನ್ನೂ ಮೂಲದ್ದೇ.

ಬೆಳಿಗ್ಗೆ ಬಾಗಿಲು ತೆರೆದೊಡನೆ ಹಡಗಿಗೇ ಹೋಗಿ, ಸುತ್ತಲಿನ ಅಂಗಡಿ-ಮನೆಗಳನ್ನು ಆಮೇಲೆ ನೋಡಿ. ಹತ್ತುವ ಮುನ್ನ ದಂಡೆಯಲ್ಲಿ ನಿಂತು ಮೂತಿಯ ಕಡೆಗಿರುವ ಪೇಟದ ಭಾರತೀಯನ ಕೆತ್ತನೆ ನೋಡಿಕೊಳ್ಳಿ. ನಂತರ ಫಿರಂಗಿಗಳ ಅಟ್ಟ, ಅದರ ಹಿಂತುದಿಯಲ್ಲಿ ಕ್ಯಾಪ್ಟನ್ ಕೋಣೆ, ಕೆಳಗೆ ನಾವಿಕರು ಉಂಡು ಮಲಗುತ್ತಿದ್ದ ಜಾಗ. ಮೆಟ್ಟಿಲು ಏಣಿಯಷ್ಟೇ ಕಡಿದು; ಹಿಮ್ಮುಖವಾಗಿ ಇಳಿಯಬೇಕು, ಎರಡೂ ಕೈ ಖಾಲಿ ಇರಬೇಕು. ಎತ್ತರದವರು ತೊಲೆಗೆ ತಲೆ ಬಡಿಸಿಕೊಳ್ಳುವುದು ಇಲ್ಲೇ.

ದಂಡೆಯ ಹದಿನೆಂಟನೇ ಶತಮಾನದ ಶೈಲಿಯ ಬೀದಿ ಮಕ್ಕಳಿಗೆ ಖುಷಿ ಕೊಡುತ್ತದೆ, ಆದರೆ ಅದು 1990ರ ದಶಕದಲ್ಲಿ ಕಟ್ಟಿದ್ದು. ಈ ದಂಡೆ ಇರುವ ವೆಸ್ಟ್ ಹಾರ್ಟಲ್‌ಪೂಲ್‌ನ ಮೊದಲ ಡಾಕ್ (ಹಡಗುಕಟ್ಟೆ) ತೆರೆದದ್ದೇ 1847ರಲ್ಲಿ. ಊರಿನ ನಿಜವಾದ ಕಥೆ ಅದಕ್ಕಿಂತ ಗಟ್ಟಿಯಾದದ್ದು. 1960ರ ದಶಕದ ಆರಂಭದಲ್ಲಿ ಇಲ್ಲಿ ಹಡಗು ಕಟ್ಟುವುದು ನಿಂತಿತು. 1979ರಿಂದ ಎಚ್‌ಎಂಎಸ್ ವಾರಿಯರ್ ಎಂಬ ಹಳೆಯ ಕಬ್ಬಿಣದ ಯುದ್ಧನೌಕೆಯ ರಿಪೇರಿ ಕುಶಲಕರ್ಮಿಗಳಿಗೆ ಮತ್ತೆ ಕೆಲಸ ಕೊಟ್ಟಿತು. 1987ರಲ್ಲಿ ಅದು ಪೋರ್ಟ್ಸ್‌ಮತ್‌ಗೆ ಹೊರಟಿತು, ಅದೇ ವರ್ಷ ಟ್ರಿಂಕೋಮಲಿ ಬಂತು. ಇಲ್ಲಿನ ಮರೀನಾ (ವಿಹಾರ ದೋಣಿಗಳ ತಂಗುದಾಣ) ಕಟ್ಟಿಸಿದ್ದು ಚುನಾಯಿತ ಕೌನ್ಸಿಲ್ ಅಲ್ಲ, ಥ್ಯಾಚರ್ ಸರ್ಕಾರ ನೇಮಿಸಿದ ಟೀಸೈಡ್ ಅಭಿವೃದ್ಧಿ ನಿಗಮ. 2002ರಲ್ಲಿ ಜನ ಊರಿನ ಫುಟ್ಬಾಲ್ ಕ್ಲಬ್ಬಿನ ಲಾಂಛನವಾದ ಕೋತಿಯ ವೇಷ ಹಾಕುತ್ತಿದ್ದ ಸ್ಟುವರ್ಟ್ ಡ್ರಮಂಡ್‌ರನ್ನು ಮೇಯರ್ ಮಾಡಿದರು. ಶಾಲಾಮಕ್ಕಳಿಗೆ ಉಚಿತ ಬಾಳೆಹಣ್ಣು ಕೊಡುವೆ ಎಂದ ಅವರು ಮೂರು ಸಲ ಗೆದ್ದರು. 2012ರ ಜನಮತದಲ್ಲಿ ಊರು ಆ ಹುದ್ದೆಯನ್ನೇ ತೆಗೆದುಹಾಕಿತು. 2021ರ ಸಂಸತ್ ಉಪಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ ಗೆದ್ದಿತು, 2024ರಲ್ಲಿ ಮತ್ತೆ ಲೇಬರ್ ಪಕ್ಷ. ಪಕ್ಷಕ್ಕೆ ಅಂಟಿಕೊಂಡು ಕೂರದ ಊರು ಇದು. ಮ್ಯೂಸಿಯಂ ಆ ನಕಲಿ ಬೀದಿಯ ಬೊಂಬೆಗಳಿಗೆ ಕೊಟ್ಟ ಜಾಗದ ಅರ್ಧವನ್ನಾದರೂ ಹಡಗು ರಿಪೇರಿ ಮಾಡಿದ ಈ ಊರಿನ ಕೈಗಳಿಗೆ ಕೊಡಬೇಕು.

ಆ ಕೊರತೆ ತುಂಬಿಕೊಳ್ಳಲು ಪಕ್ಕದಲ್ಲೇ ಇರುವ ಕೌನ್ಸಿಲ್‌ನ ಮ್ಯೂಸಿಯಂ ಆಫ್ ಹಾರ್ಟಲ್‌ಪೂಲ್‌ಗೂ ಹೋಗಿ. ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ. ರೈಲು ನಿಲ್ದಾಣದಿಂದ ನಡೆದೇ ಬರಬಹುದು. ಬೇಸಿಗೆಯಲ್ಲೂ ಗಾಳಿ ತಡೆಯುವ ಜಾಕೆಟ್, ಜಾರದ ಚಪ್ಪಟೆ ಬೂಟು ಇರಲಿ.