ಹಳೇ ಜೀಪಿಗೆ ಕ್ರೂಸ್ ಕೇಬಲ್ ಹಾಕಿಸಿದ್ದೀರಾ? ಬೋನೆಟ್ ಎತ್ತಿ ಒಮ್ಮೆ ನೋಡಿ

ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುತ್ತಿದ್ದ ಹಳೇ ಡೀಸೆಲ್ ಜೀಪು. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ ಅಬ್ಬರ ಇಳಿಯಲಿಲ್ಲ. ಬ್ರೇಕ್ ತುಳಿದರೆ ಪೆಡಲ್ ಕಲ್ಲಿನಂತೆ ಗಟ್ಟಿ. ಡ್ರೈವರ್ ನ್ಯೂಟ್ರಲ್ ಮಾಡಿ, ಸ್ಟಾಪ್ ನಾಬ್ ಎಳೆದು, ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಲ್ಲಿಸಿದ್ದರಿಂದ ರಸ್ತೆ ಬದಿಯ ಬರೆಗೆ ಮಡ್‌ಗಾರ್ಡ್ ಉಜ್ಜಿದ್ದಷ್ಟೇ ನಷ್ಟ. ಹೊಸದಾಗಿ ಕೂರಿಸಿದ್ದ ವ್ಯಾಕ್ಯೂಮ್ ಕ್ರೂಸ್ ಕಿಟ್ಟಿನಲ್ಲಿ (ಪೆಡಲ್ ತುಳಿಯದೆಯೇ ವೇಗ ಕಾಯ್ದುಕೊಳ್ಳಲು ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಬಲದಿಂದ ಕೇಬಲ್ ಎಳೆಯುವ ಸಾಧನ) ಎರಡು ತಪ್ಪುಗಳಿದ್ದವು.

ಮೊದಲನೆಯದು ಕೇಬಲಿನ ತುದಿ. ಅದನ್ನು ಎಂಜಿನ್ನಿಗೆ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಪಂಪಿನ ಲಿವರಿಗೆ ತಂತಿ ಸುತ್ತಿ ಬಿಗಿದಿದ್ದರು. ಹೀಗೆ ಬಿಗಿದರೆ ಪೆಡಲ್ ತುಳಿದಾಗಲೆಲ್ಲ ಲಿವರ್ ಕ್ರೂಸ್ ಕೇಬಲಿನ ಒಳತಂತಿಯನ್ನು ಕವಚದೊಳಕ್ಕೆ ನೂಕುತ್ತದೆ. ಕೇಬಲ್ ಇರುವುದು ಎಳೆಯಲಿಕ್ಕೆ, ನೂಕಲಿಕ್ಕಲ್ಲ. ತಂತಿ ಬಾಗುತ್ತದೆ, ಎಳೆ ಬಿಚ್ಚುತ್ತದೆ, ಬಿಚ್ಚಿದ ಎಳೆ ಕವಚದ ಬಾಯಲ್ಲಿ ಕಚ್ಚಿಕೊಂಡರೆ ಲಿವರ್ ವಾಪಸ್ ಬರುವುದಿಲ್ಲ. ಮಧ್ಯೆ ಮಣಿ ಸರಪಳಿಯೋ ಉದ್ದ ತೂತಿನ ಪಟ್ಟಿಯೋ ಇರಲೇಬೇಕು. ಪೆಡಲ್ ತುಳಿದಾಗ ಲಿವರ್ ಒಂದೇ ಓಡಬೇಕು. ಐಡಲಿನಲ್ಲಿ 1-2 ಮಿಲಿಮೀಟರ್ ಸಡಿಲ ಸಾಕು. ಕ್ರೂಸ್ ಕೇಬಲ್ ಬಿಚ್ಚಿದ ಕೂಡಲೇ ಐಡಲ್ ಇಳಿದರೆ ಬಿಗಿ ಜಾಸ್ತಿಯಾಗಿದೆ ಎಂದೇ ಅರ್ಥ.

ಎರಡನೆಯದು ಇನ್ನೂ ಕೆಟ್ಟದ್ದು. ಇಂಥ ಡೀಸೆಲ್ ಎಂಜಿನ್ನಿನ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಸಿಗುವುದಿಲ್ಲ. ಆಲ್ಟರ್ನೇಟರ್ ಹಿಂದಿನ ಪಂಪಿನಿಂದ ವ್ಯಾಕ್ಯೂಮ್, ಕಾಲಿನ ಒತ್ತಿಗೆ ಬಲ ಸೇರಿಸುವ ಬ್ರೇಕ್ ಬೂಸ್ಟರಿಗೆ ಹೋಗುತ್ತದೆ. ಫಿಟ್ ಮಾಡಿದವರು ಒನ್‌ವೇ ವಾಲ್ವಿಗೂ ಬೂಸ್ಟರಿಗೂ ನಡುವೆ ಕ್ರೂಸಿಗಾಗಿ ಟೀ (ಮೂರು ಬಾಯಿಯ ಪೈಪು ಜೋಡಣೆ) ಹಾಕಿದ್ದರು. ಕ್ರೂಸಿನ ಪೈಪು ಕಳಚಿತು, ಬೂಸ್ಟರಿನ ವ್ಯಾಕ್ಯೂಮ್ ಖಾಲಿ. ಟೀ ಪಂಪಿನ ಕಡೆಗಿದ್ದು, ಕ್ರೂಸಿಗೆ ಬೇರೆ ಒನ್‌ವೇ ವಾಲ್ವ್ ಇದ್ದಿದ್ದರೆ ಬೂಸ್ಟರಿನಲ್ಲಿ ಒಂದೆರಡು ಸಲದ ಬ್ರೇಕಿಗಾಗುವಷ್ಟು ಉಳಿದಿರುತ್ತಿತ್ತು.

ನಮ್ಮ ಮಳೆಗೆ ಇನ್ನೊಂದು ಮಾತು. ಕವಚದ ಬಾಯಿ ಮೇಲ್ಮುಖವಾಗಿದ್ದರೆ ನೀರು ಇಳಿದು ಒಳಗೇ ತುಕ್ಕು. ರಬ್ಬರ್ ಟೋಪಿ ಹಾಕಿ, ಬಾಯಿ ಕೆಳಮುಖ ಮಾಡಿಸಿ. ಕವಚದ ತುದಿಯ ಕ್ಲಾಂಪ್ ಎಂಜಿನ್ ಮೇಲಿನ ಬ್ರಾಕೆಟ್ಟಿಗೇ ಇರಲಿ. ಗಾಡಿಯ ಬಾಡಿಯ ಮೇಲೆ ಕಟ್ಟಿದರೆ ಎಂಜಿನ್ ಅಲುಗಿದಾಗಲೆಲ್ಲ ಲಿವರ್ ತಾನೇ ಎಳೆದುಕೊಳ್ಳುತ್ತದೆ. ಕೇಬಲ್ ಎಕ್ಸಾಸ್ಟಿನಿಂದ ಒಂದು ಗೇಣಾದರೂ ದೂರ ಇರಬೇಕು.

ಗ್ಯಾರೇಜಿನಿಂದ ಗಾಡಿ ಬಿಡಿಸುವ ಮೊದಲು ಎಂಜಿನ್ ಆಫ್ ಮಾಡಿ, ಲಿವರನ್ನು ಕೈಯಲ್ಲೇ ಪೂರ್ತಿ ಎಳೆದು ಬಿಡಿ. ಟಕ್ಕೆಂದು ವಾಪಸ್ ಬಡಿಯಬೇಕು. ನಿಧಾನಕ್ಕೆ ತೆವಳಿದರೆ ಬಿಲ್ ಕೊಡಬೇಡಿ. ಆಮೇಲೆ ಖಾಲಿ, ನೇರ ರಸ್ತೆಯಲ್ಲಿ ಕ್ರೂಸ್ ಹಾಕಿ ಬ್ರೇಕನ್ನೂ ಕ್ಲಚ್ಚನ್ನೂ ಬೇರೆಬೇರೆಯಾಗಿ ಮುಟ್ಟಿ ನೋಡಿ; ಎರಡರಲ್ಲೂ ಕಟ್ ಆಗಬೇಕು. ಕ್ಲಚ್ ಸ್ವಿಚ್ ಬೇಡವೆಂದು ಬಿಡುವ ಫಿಟ್ಟರುಗಳಿದ್ದಾರೆ. ಅದಿಲ್ಲದಿದ್ದರೆ ಕ್ಲಚ್ ತುಳಿದ ಕ್ಷಣ ಎಂಜಿನ್ ಕಿರುಚುತ್ತದೆ.